ಮೊದಲು ಅಡ್ಮಿನ್‌ಗಳಿಗೆ ನಿಯಮ, ಆಮೇಲೆ ಸದಸ್ಯರಿಗೆ: ಆನ್‌ಲೈನ್ ಚರ್ಚಾಗುಂಪು ನಡೆಸುವವರಿಗೆ ಒಂದು ಮಾರ್ಗದರ್ಶಿ

ಮೂವರು ಅಡ್ಮಿನ್‌ಗಳಲ್ಲಿ ನಾನೂ ಒಬ್ಬಳಾಗಿದ್ದ ಕೈತೋಟದ ಟೆಲಿಗ್ರಾಂ ಗುಂಪು ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ನಾನೂರಕ್ಕೂ ಹೆಚ್ಚು ಜನರಿದ್ದ ಗುಂಪು ಅದು. ಮಟ್ಟುಗುಳ್ಳದ ಬೀಜ ಯಾರ ಬಳಿ ಸಿಗುತ್ತದೆ, ಅವರೆಗೆ ಹೇನು ಬಿದ್ದರೆ ಏನು ಸಿಂಪಡಿಸಬೇಕು, ತಾರಸಿಯ ಕುಂಡಕ್ಕೆ ಕೆಮ್ಮಣ್ಣು ಎಷ್ಟು, ಗೊಬ್ಬರ ಎಷ್ಟು ಎಂಬ ನಾಲ್ಕು ವರ್ಷಗಳ ಮಾತುಕತೆ ಅಲ್ಲಿತ್ತು. ಜಗಳ ಹುಟ್ಟಿದ್ದು ಕೀಟನಾಶಕದ ಬಗ್ಗೆ ಸದಸ್ಯರೊಬ್ಬರು ಹಾಕಿದ ಪೋಸ್ಟಿನಿಂದ. ಗುಂಪು ಕಟ್ಟಿದವರು ಅದನ್ನು ಅಳಿಸಿದರು. ಎರಡನೆಯ ಅಡ್ಮಿನ್ ಅದನ್ನೇ ಮತ್ತೆ ಹಾಕಿದರು. ಕಟ್ಟಿದವರು ಅವರನ್ನು ಹೊರಹಾಕಿದರು. ಸದಸ್ಯರು ಎರಡು ಪಾಳೆಯವಾಗಿ ನಡುರಾತ್ರಿಯವರೆಗೆ ಕಾದಾಡಿದರು. ಬೆಳಗ್ಗೆ ನೋಡಿದರೆ ಗುಂಪೇ ಇಲ್ಲ. ಕಟ್ಟಿದವರು ಎಲ್ಲರ ಮೊಬೈಲಿನಿಂದಲೂ ಅದನ್ನು ಅಳಿಸಿಬಿಟ್ಟಿದ್ದರು.

ಮೂರನೆಯ ಅಡ್ಮಿನ್ ಆಗಿದ್ದ ನಾನು ಆ ರಾತ್ರಿ ಎಲ್ಲವನ್ನೂ ಓದುತ್ತಾ ಸುಮ್ಮನೆ ಕುಳಿತಿದ್ದೆ. ಇಬ್ಬರೂ ನನಗೆ ಬೇಕಾದವರು, ನಡುವೆ ಬಾಯಿ ಹಾಕಿ ನಿಷ್ಠುರ ಏಕೆ ಕಟ್ಟಿಕೊಳ್ಳಲಿ ಎಂದುಕೊಂಡೆ. ಅದು ತಪ್ಪು ಎಂದು ಈಗ ಖಚಿತವಾಗಿ ಹೇಳಬಲ್ಲೆ.

ಆ ಗುಂಪಿಗೆ ಒಂಬತ್ತು ನಿಯಮಗಳಿದ್ದವು. ರಾಜಕೀಯ ಬೇಡ, ಜಾಹೀರಾತು ಬೇಡ, ಶುಭೋದಯದ ಚಿತ್ರ ಬೇಡ, ಹೀಗೆ. ಒಂಬತ್ತೂ ಸದಸ್ಯರಿಗೆ ಹೇಳಿದವು. ಅಡ್ಮಿನ್ ಏನು ಮಾಡಬಾರದು ಎಂದು ಹೇಳುವ ಒಂದು ಸಾಲೂ ಇರಲಿಲ್ಲ. ಆಮೇಲೆ ಬೇರೆ ಗುಂಪುಗಳ ಒಡಕುಗಳನ್ನು ಓದುತ್ತಾ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು: ಗುಂಪುಗಳು ತುಂಟ ಸದಸ್ಯರಿಂದ ಮುರಿಯುವುದು ಅಪರೂಪ, ಅಧಿಕಾರ ಇದ್ದವರ ನಡುವಿನ ಜಗಳದಿಂದ ಮುರಿಯುವುದೇ ಹೆಚ್ಚು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು, ಹಳೆಯ ವಿದ್ಯಾರ್ಥಿಗಳ ಬಳಗ, ಫೇಸ್‌ಬುಕ್ಕಿನ ಸಾಹಿತ್ಯದ ಗುಂಪು, ಹೊರದೇಶದ ಕನ್ನಡ ಸಂಘದ ಚರ್ಚೆ, ಯಾವುದನ್ನು ನಡೆಸುವವರಾದರೂ ಮುಂದಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ.

1. ಕೀಲಿಕೈ ಯಾರ ಕೈಯಲ್ಲಿದೆ ಎಂದು ಬರೆದಿಡಿ

ಫ್ರೀನೋಡ್ ಎಂಬ ಚಾಟ್ ಜಾಲವೊಂದಿತ್ತು. ಮುಕ್ತ ತಂತ್ರಾಂಶ ಬರೆಯುವ ಸಾವಿರಾರು ಜನರು ಸಲಹೆ ಕೇಳಲು, ಕೊಡಲು ಅಲ್ಲಿ ಸೇರುತ್ತಿದ್ದರು. ನಡೆಸುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು. 2017ರಲ್ಲಿ ಆ ಹೆಸರಿನ ಕಂಪನಿ ಒಬ್ಬ ಉದ್ಯಮಿಯ ಕೈಗೆ ಹೋಯಿತು. ಜಾಲದ ದಿನನಿತ್ಯದ ಆಡಳಿತಕ್ಕೂ ಕಂಪನಿಯ ಒಡೆತನಕ್ಕೂ ಸಂಬಂಧವಿಲ್ಲ ಎಂದು ಸ್ವಯಂಸೇವಕರು ನಂಬಿದ್ದರು. 2021ರ ಮೇ ತಿಂಗಳಲ್ಲಿ ಡೊಮೇನ್ (ಜಾಲದ ವಿಳಾಸ) ಯಾರದು, ಕೊನೆಯ ಮಾತು ಯಾರದು ಎಂಬ ಪ್ರಶ್ನೆ ಎದ್ದಾಗ ಆ ನಂಬಿಕೆ ಉಳಿಯಲಿಲ್ಲ. ಮೇ 19ರಂದು ಅವರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟು ಲಿಬೆರಾ ಚಾಟ್ ಎಂಬ ಹೊಸ ಜಾಲ ತೆರೆದರು. ಅದರ ಹಿಂದೆ ಸ್ವೀಡನ್ನಿನಲ್ಲಿ ಕಟ್ಟಿದ ಲಾಭರಹಿತ ಸಂಘವಿದೆ. ಹೊಸ ಜಾಲದ ಹೆಸರನ್ನು ತಲೆಬರಹದಲ್ಲಿ ಹಾಕಿಕೊಂಡಿದ್ದ ನೂರಾರು ಚಾನೆಲ್‌ಗಳನ್ನು, ಅಂದರೆ ಚರ್ಚಾಕೋಣೆಗಳನ್ನು, ಹಳೆಯ ಜಾಲದ ಆಡಳಿತವು ಅದೇ ತಿಂಗಳ ಕೊನೆಯ ವಾರದಲ್ಲಿ ವಶಕ್ಕೆ ತೆಗೆದುಕೊಂಡಿತು. ಉಬುಂಟು, ವಿಕಿಮೀಡಿಯದಂತಹ ದೊಡ್ಡ ಬಳಗಗಳು ಗಂಟುಮೂಟೆ ಕಟ್ಟಿಕೊಂಡು ಹೊಸ ಜಾಲಕ್ಕೆ ಹೋದವು.

ವರ್ಷಗಟ್ಟಲೆ ದುಡಿದವರ ಬಳಿ ಕಾಗದವಿರಲಿಲ್ಲ, ಕಾಗದವಿದ್ದವರು ಆ ಕೆಲಸ ಮಾಡಿದವರಲ್ಲ. ನಿಮ್ಮ ಗುಂಪು ಎಷ್ಟೇ ಚಿಕ್ಕದಿರಲಿ, ಇದೇ ಪ್ರಶ್ನೆ ಅಲ್ಲೂ ಇದೆ. ಆದ್ದರಿಂದ ಒಂದು ಹಾಳೆಯಲ್ಲಿ ಬರೆಯಿರಿ: ಗುಂಪನ್ನು ಯಾರ ಮೊಬೈಲ್ ಸಂಖ್ಯೆಯಿಂದ ತೆರೆಯಲಾಗಿದೆ, ಇಮೇಲ್ ಯಾರ ಹೆಸರಿನಲ್ಲಿದೆ, ಡೊಮೇನ್ ಇದ್ದರೆ ಅದರ ಹಣ ಕಟ್ಟುತ್ತಿರುವವರು ಯಾರು, ಅವರಿಗೆ ಏನಾದರೂ ಆದರೆ ಮುಂದೆ ಯಾರು.

ಆ್ಯಪ್‌ಗಳ ವರ್ತನೆ ಒಂದೊಂದರದು ಒಂದೊಂದು ಬಗೆ. ವಾಟ್ಸ್‌ಆ್ಯಪ್‌ನಲ್ಲಿ ಗುಂಪು ತೆರೆದವರನ್ನು ಉಳಿದ ಅಡ್ಮಿನ್‌ಗಳು ತೆಗೆಯಲಾರರು. ಅವರೇ ಹೊರಹೋಗುವ ತನಕ ಅವರ ಅಡ್ಮಿನ್ ಸ್ಥಾನ ಅಲುಗದು. ಒಬ್ಬರೇ ಅಡ್ಮಿನ್ ಇದ್ದು ಅವರು ಹೊರಟುಹೋದರೆ ಸದಸ್ಯರಲ್ಲಿ ಯಾರೋ ಒಬ್ಬರನ್ನು ಆ್ಯಪ್ ತಾನೇ ಅಡ್ಮಿನ್ ಮಾಡುತ್ತದೆ. ಆ ಯಾರೋ ಒಬ್ಬರು ಮೂರು ವರ್ಷದಿಂದ ಗುಂಪು ತೆರೆದೇ ನೋಡದವರಾಗಿರಬಹುದು. ಟೆಲಿಗ್ರಾಂನಲ್ಲಿ ಒಡೆತನವನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು, ಆದರೆ ವರ್ಗಾಯಿಸುವವರು ಎರಡು ಹಂತದ ಪಾಸ್‌ವರ್ಡ್ ಭದ್ರತೆಯನ್ನು ಕನಿಷ್ಠ ಒಂದು ವಾರ ಮೊದಲೇ ಹಾಕಿಕೊಂಡಿರಬೇಕು. ಜಗಳದ ರಾತ್ರಿ ಈ ಕೆಲಸಕ್ಕೆ ಹೊರಟರೆ ಆಗುವುದಿಲ್ಲ. ಇವತ್ತೇ ಹಾಕಿಸಿ. ಫೇಸ್‌ಬುಕ್ ಗುಂಪಿನಲ್ಲಿ ಮಾಡರೇಟರ್ ಆದವರು ಪೋಸ್ಟ್ ತೆಗೆಯಬಲ್ಲರು, ಅಡ್ಮಿನ್ ಆದವರನ್ನು ತೆಗೆಯಲಾರರು. ಹಾಗಾಗಿ ಅಡ್ಮಿನ್ ಒಬ್ಬರೇ ಇರಬಾರದು.

ಇನ್ನೊಂದು ಕೆಲಸ, ನಮ್ಮ ಗುಂಪು ಮಾಡದೇ ಉಳಿದದ್ದು: ಮೂರು ತಿಂಗಳಿಗೊಮ್ಮೆ ಚರ್ಚೆಯ ಪ್ರತಿ ತೆಗೆದಿಡಿ. ವಾಟ್ಸ್‌ಆ್ಯಪ್‌ನಲ್ಲೂ ಟೆಲಿಗ್ರಾಂನ ಕಂಪ್ಯೂಟರ್ ಆವೃತ್ತಿಯಲ್ಲೂ ಚಾಟ್ ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯವಿದೆ. ಪ್ರತಿ ತೆಗೆಯುತ್ತೀರಿ ಎಂಬುದನ್ನು ಸದಸ್ಯರಿಗೆ ಮೊದಲೇ ತಿಳಿಸಿ, ಅದನ್ನು ಹೊರಗಿನವರಿಗೆ ಕೊಡುವುದಿಲ್ಲ ಎಂದೂ ಬರೆದುಕೊಡಿ.

2. ಅಡ್ಮಿನ್‌ಗಳ ಕೈಕಟ್ಟುವ ನಿಯಮಗಳನ್ನು ಬರೆಯಿರಿ

ಇದೇ ಈ ಇಡೀ ಕೆಲಸದ ತಿರುಳು, ಇಲ್ಲಿ ಸ್ವಲ್ಪ ನಿಲ್ಲೋಣ.

ಅಡ್ಮಿನ್ ಎಂದರೆ ಸೇವೆ ಮಾಡುವವರು, ಅವರಿಗೇಕೆ ನಿಯಮ ಎಂದು ಕೇಳುವವರಿದ್ದಾರೆ. ಅವರು ಕ್ರೊಯೇಷಿಯನ್ ಭಾಷೆಯ ವಿಕಿಪೀಡಿಯದ ಕಥೆಯನ್ನು ಓದಬೇಕು. ಅಲ್ಲಿ ಒಂದೇ ವಿಚಾರದ ಕೆಲವು ನಿರ್ವಾಹಕರು (ವಿಕಿಪೀಡಿಯದಲ್ಲಿ ಅಡ್ಮಿನ್‌ಗಳಿಗೆ ಈ ಹೆಸರು) ಒಟ್ಟಾಗಿ ಆಡಳಿತವನ್ನು ಹಿಡಿದುಕೊಂಡರು. ಒಪ್ಪದ ಬರಹಗಾರರನ್ನು ತಡೆಹಿಡಿದರು, ಎರಡನೆಯ ಮಹಾಯುದ್ಧದ ಕಾಲದ ಉಸ್ತಾಶಾ ಆಡಳಿತದ ಕ್ರೌರ್ಯಗಳನ್ನು ಮರೆಮಾಚುವ ಲೇಖನಗಳನ್ನು ಉಳಿಸಿಕೊಂಡರು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳಿಗೆ ಅದನ್ನು ನಂಬಬೇಡಿ ಎನ್ನಬೇಕಾಯಿತು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆ ಹಿಡಿತ ಕನಿಷ್ಠ 2011ರಿಂದ 2020ರವರೆಗೆ ಇತ್ತು. ಹತ್ತಿರ ಹತ್ತಿರ ಹತ್ತು ವರ್ಷ. ಅದೂ ಎಲ್ಲರಿಗೂ ಕಾಣುವ ದಾಖಲೆ, ಮತದಾನ, ನಿಯಮಪುಟ ಎಲ್ಲವೂ ಇದ್ದ ಕಡೆ. ನಿಯಮಗಳಿದ್ದವು, ಅವುಗಳನ್ನು ಅಡ್ಮಿನ್‌ಗಳ ಮೇಲೆ ಹೂಡುವವರು ಒಳಗೆ ಉಳಿದಿರಲಿಲ್ಲ, ಹೂಡಬಹುದಾಗಿದ್ದವರನ್ನು ಒಬ್ಬೊಬ್ಬರಾಗಿ ಹೊರಗಟ್ಟಲಾಗಿತ್ತು.

ಇಂಗ್ಲಿಷ್ ವಿಕಿಪೀಡಿಯದಲ್ಲಿ ವರ್ಷಗಳ ಜಗಳಗಳಿಂದ ಬೆಳೆದುಬಂದ ಎರಡು ಕಟ್ಟಳೆಗಳನ್ನು ಯಾವ ಗುಂಪಾದರೂ ಹಾಗೆಯೇ ಎತ್ತಿಕೊಳ್ಳಬಹುದು. ಮೊದಲನೆಯದು: ತಾನೇ ಒಂದು ಕಡೆಯವನಾಗಿರುವ ವಾದದಲ್ಲಿ ನಿರ್ವಾಹಕ ತನ್ನ ಅಧಿಕಾರವನ್ನು ಬಳಸುವಂತಿಲ್ಲ. ಗೊಬ್ಬರದ ಬಗ್ಗೆ ನೀವು ಒಬ್ಬರೊಡನೆ ವಾದಕ್ಕಿಳಿದಿದ್ದೀರಿ ಎಂದರೆ ಅವರ ಪೋಸ್ಟನ್ನು ಅಳಿಸುವ ಹಕ್ಕು ಆ ವಾದದ ಮಟ್ಟಿಗೆ ನಿಮಗಿಲ್ಲ, ಇನ್ನೊಬ್ಬ ಅಡ್ಮಿನ್‌ಗೆ ಹೇಳಬೇಕು. ಎರಡನೆಯದು: ಒಬ್ಬ ನಿರ್ವಾಹಕ ಮಾಡಿದ್ದನ್ನು ಇನ್ನೊಬ್ಬರು ರದ್ದುಮಾಡಿದ ಮೇಲೆ ಯಾರೂ ಅದನ್ನು ಮತ್ತೆ ಮಾಡುವಂತಿಲ್ಲ, ಅಲ್ಲಿಗೆ ಕೈ ನಿಲ್ಲಿಸಿ ಮಾತಾಡಬೇಕು. ಈ ಎರಡನೆಯ ಕಟ್ಟಳೆ ಇದ್ದಿದ್ದರೆ ನಮ್ಮ ಗುಂಪು ಇವತ್ತೂ ಇರುತ್ತಿತ್ತು.

ಇವುಗಳ ಜೊತೆಗೆ ಚಿಕ್ಕ ಗುಂಪಿಗೆ ಬೇಕಾದ ಇನ್ನೂ ಕೆಲವನ್ನು ಸೇರಿಸಿ ನಾವು ಆಮೇಲೆ ಕಟ್ಟಿದ ಹೊಸ ಗುಂಪಿಗೆ ಬರೆದುಕೊಂಡ ನಿಯಮಗಳು ಹೀಗಿವೆ. ಬೇಕಾದವರು ತೆಗೆದುಕೊಳ್ಳಬಹುದು:

"ಸದಸ್ಯರನ್ನು ಹೊರಹಾಕಲು ಇಬ್ಬರು ಅಡ್ಮಿನ್‌ಗಳ ಒಪ್ಪಿಗೆ ಬೇಕು. ಅಡ್ಮಿನ್ ಒಬ್ಬರನ್ನು ಇನ್ನೊಬ್ಬ ಅಡ್ಮಿನ್ ತೆಗೆಯುವಂತಿಲ್ಲ. ಅದನ್ನು ಸದಸ್ಯರ ಮತದಿಂದ ಮಾತ್ರ ಮಾಡಬಹುದು. ಗುಂಪು ತೆರೆದವರಿಗೂ ಇದು ಅನ್ವಯಿಸುತ್ತದೆ. ಗುಂಪನ್ನು ಮುಚ್ಚುವ ಮುನ್ನ ಮೂವತ್ತು ದಿನ ಮೊದಲು ತಿಳಿಸಬೇಕು. ಅಡ್ಮಿನ್ ಅವಧಿ ಒಂದು ವರ್ಷ. ಸದಸ್ಯರು ಬಯಸಿದರೆ ಇನ್ನೊಂದು ವರ್ಷ; ಆಮೇಲೆ ಒಂದು ವರ್ಷ ಬಿಡುವು."

ಗುಂಪು ತೆರೆದವರ ಕೈಯನ್ನು ಆ್ಯಪ್ ಕಟ್ಟುವುದಿಲ್ಲ, ನಿಜ. ಬರೆದ ಮಾತು ಮಾತ್ರ ಕಟ್ಟುತ್ತದೆ. ಆದ್ದರಿಂದಲೇ ಅದನ್ನು ಅವರೇ ತಮ್ಮ ಹೆಸರಿನಲ್ಲಿ ಗುಂಪಿನಲ್ಲಿ ಹಾಕಬೇಕು, ಪಿನ್ ಮಾಡಿ ಇಡಬೇಕು. ನಾನೂರು ಜನರ ಎದುರು ಕೊಟ್ಟ ಮಾತನ್ನು ನಡುರಾತ್ರಿಯ ಸಿಟ್ಟಿನಲ್ಲಿ ಮುರಿಯಲು ಮನಸ್ಸು ಎರಡು ಬಾರಿ ಯೋಚಿಸುತ್ತದೆ.

ಅವಧಿಯ ಮಾತಿಗೆ ಅಡ್ಮಿನ್‌ಗಳು ಸಾಮಾನ್ಯವಾಗಿ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಇದು ಅವಮಾನವಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅಲ್ಲಿನ ಸಾಮುದಾಯಿಕ ಚರ್ಚೆಯ ಪುಟಕ್ಕೆ ಅರಳಿ ಕಟ್ಟೆ ಎಂಬ ಚೆಂದದ ಹೆಸರಿದೆ. ಸಮುದಾಯ ಚಿಕ್ಕದಿರುವ ವಿಕಿಗಳಲ್ಲಿ ನಿರ್ವಾಹಕ ಹಕ್ಕನ್ನು ಮೇಲಿನ ಹಂತದ ಸ್ಟೀವರ್ಡ್‌ಗಳು ಹಲವು ಬಾರಿ ಗೊತ್ತುಪಡಿಸಿದ ಅವಧಿಗೆ ಮಾತ್ರ ಕೊಡುತ್ತಾರೆ. ಅವಧಿ ಮುಗಿದಾಗ ಮತ್ತೆ ಸಮುದಾಯದ ಮುಂದೆ ಹೋಗಿ ಕೇಳಬೇಕು. ಅರಳಿ ಕಟ್ಟೆಗೆ ಬಂದು ಕೇಳುವುದರಲ್ಲಿ ಯಾರ ಮಾನವೂ ಹೋಗುವುದಿಲ್ಲ.

ಅಡ್ಮಿನ್ ಸುಮ್ಮನಿರುವುದರ ಬಗ್ಗೆಯೂ ಒಂದು ನಿಯಮ ಬೇಕು. ಅಮೆರಿಕದ ಲ್ಯಾಂಬ್ಡಾಮೂ ಎಂಬ ಪಠ್ಯರೂಪದ ಆನ್‌ಲೈನ್ ಲೋಕದಲ್ಲಿ 1992ರ ಕೊನೆಗೆ ಆಡಳಿತಗಾರರು, ನಾವು ಇನ್ನು ಮುಂದೆ ಯಂತ್ರ ನೋಡಿಕೊಳ್ಳುವವರು ಮಾತ್ರ, ಜನರ ಜಗಳಗಳಲ್ಲಿ ಕೈ ಹಾಕುವುದಿಲ್ಲ ಎಂದು ಘೋಷಿಸಿದರು. ಮರುವರ್ಷವೇ ಒಬ್ಬ ಬಳಕೆದಾರ ಇತರರ ಪಾತ್ರಗಳ ಮೇಲೆ ಎಲ್ಲರೆದುರು ಬರಹದಲ್ಲೇ ಲೈಂಗಿಕ ಹಿಂಸೆ ನಡೆಸಿದಾಗ, ಅವನನ್ನು ತೆಗೆಯುವ ಹಕ್ಕು ಯಾರಿಗಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಮತದಾನದ ವ್ಯವಸ್ಥೆ ಬಂತು, ಅದೂ ಸೊರಗಿತು; 1996ರಲ್ಲಿ ಆಡಳಿತಗಾರರು ಅಧಿಕಾರವನ್ನು ಮತ್ತೆ ತಾವೇ ಕೈಗೆ ತೆಗೆದುಕೊಂಡರು. ಅಡ್ಮಿನ್ ಸುಮ್ಮನಿದ್ದರೆ ಗೆಲ್ಲುವುದು ಆ ಹೊತ್ತಿಗೆ ಜೋರಾಗಿರುವವರು. ನಮ್ಮ ಈಗಿನ ನಿಯಮ: ದೂರು ಬಂದ ಇಪ್ಪತ್ನಾಲ್ಕು ಗಂಟೆಯೊಳಗೆ ಯಾರಾದರೂ ಒಬ್ಬ ಅಡ್ಮಿನ್ "ನೋಡಿದ್ದೇನೆ" ಎಂದಾದರೂ ಬರೆಯಬೇಕು.

3. ಸದಸ್ಯರಿಗೆ ಕೆಲವೇ ನಿಯಮ, ಕಣ್ಣಿಗೆ ಕಾಣುವಂಥದ್ದು

"ಸಭ್ಯತೆಯಿಂದ ವರ್ತಿಸಿ" ಎಂಬುದು ನಿಯಮವಲ್ಲ, ಹಾರೈಕೆ. ನನಗೆ ಸಭ್ಯವೆನಿಸಿದ್ದು ನಿಮಗೆ ಒರಟೆನಿಸಬಹುದು. ಆಗ ಅಳೆಯುವ ಕೋಲು ಅಡ್ಮಿನ್‌ನ ಮನಸ್ಸೇ ಆಗಿಬಿಡುತ್ತದೆ. ಮಾಡಿದ್ದು ಕಣ್ಣಿಗೆ ಕಾಣುವಂತೆ ಬರೆಯಿರಿ. "ಒಬ್ಬರ ಜಾತಿ, ಊರು, ಮನೆಯವರು, ಮೈಬಣ್ಣ ಎತ್ತಿ ಮಾತಾಡಬಾರದು." "ಮೂಲ ತಿಳಿಯದ ಫಾರ್ವರ್ಡ್ ಹಾಕಬಾರದು." "ಇನ್ನೊಬ್ಬರ ಖಾಸಗಿ ಸಂದೇಶದ ಸ್ಕ್ರೀನ್‌ಶಾಟನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬಾರದು." ಇವನ್ನು ಮುರಿದರೋ ಇಲ್ಲವೋ ಎಂದು ಯಾರು ನೋಡಿದರೂ ಹೇಳಬಹುದು.

ಕನ್ನಡದ ಗುಂಪುಗಳಿಗೆ ಎರಡು ವಿಷಯ ವಿಶೇಷವಾಗಿ ಬೇಕು. ಒಂದು ಏಕವಚನ. "ನೀನು" ಎಂದ ಕೂಡಲೇ ಮೈಸೂರು ಕಡೆಯವರಿಗೆ ಕೆನ್ನೆಗೆ ಹೊಡೆದಂತಾಗುತ್ತದೆ. ಉತ್ತರ ಕರ್ನಾಟಕದ ಹಲವು ಕಡೆ ಅದೇ ಮಾತು ಸಲಿಗೆಯದು. ಬರಹದಲ್ಲಿ ದನಿಯ ಮೆತ್ತಗಿನ ಭಾವ ಕಾಣಿಸುವುದಿಲ್ಲ. ಅದಕ್ಕೇ ನಾವು "ಗುಂಪಿನಲ್ಲಿ ಎಲ್ಲರಿಗೂ ಬಹುವಚನ, ತಪ್ಪಿದರೆ ಒಮ್ಮೆ ನೆನಪಿಸುತ್ತೇವೆ, ಶಿಕ್ಷೆಯಿಲ್ಲ" ಎಂದು ಬರೆದೆವು. ಇನ್ನೊಂದು, ನುಡಿಯ ಗೇಲಿ. ಕಲಬುರ್ಗಿಯ ಕನ್ನಡ, ಕುಂದಾಪುರದ ಕನ್ನಡ, ಹೊರನಾಡಿನಲ್ಲಿ ಬೆಳೆದವರ ತಡವರಿಸುವ ಕನ್ನಡ ಇವುಗಳನ್ನು ಆಡಿಕೊಂಡು ನಕ್ಕರೆ ಆ ಜನ ಜಗಳವಾಡುವುದಿಲ್ಲ, ಸದ್ದಿಲ್ಲದೆ ಬರೆಯುವುದನ್ನು ನಿಲ್ಲಿಸುತ್ತಾರೆ. ಗುಂಪಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಕನ್ನಡ ಕೀಬೋರ್ಡ್ ಹಾಕಿಕೊಳ್ಳುವುದನ್ನು ಕಲಿಸಿ, ಗದರಬೇಡಿ.

ಏಳು ನಿಯಮ ಸಾಕು. ಎಂಟನೆಯದು ಬೇಕೆನಿಸಿದರೆ ಇರುವುದರಲ್ಲಿ ಒಂದನ್ನು ತೆಗೆಯಿರಿ.

4. ಶಿಕ್ಷೆಗೆ ಮೆಟ್ಟಿಲು ಕಟ್ಟಿ, ಮಾಡಿದ್ದನ್ನೆಲ್ಲ ಬರೆದಿಡಿ

ಮೊದಲ ತಪ್ಪಿಗೆ ಖಾಸಗಿಯಾಗಿ ಒಂದು ಮಾತು. ಎರಡನೆಯದಕ್ಕೆ ಪೋಸ್ಟ್ ತೆಗೆದು, ಕಾರಣವನ್ನು ಗುಂಪಿನಲ್ಲಿ ಹೇಳುವುದು. ಮೂರನೆಯದಕ್ಕೆ ಒಂದು ದಿನ ಬರೆಯದಂತೆ ತಡೆ, ಆಮೇಲೆ ಒಂದು ವಾರ, ಕೊನೆಗೆ ಹೊರಹಾಕುವುದು. ಬೆದರಿಕೆ, ಮಕ್ಕಳ ಅಶ್ಲೀಲ ಚಿತ್ರ, ಯಾರದೋ ವಿಳಾಸ ಅಥವಾ ಫೋನ್ ಸಂಖ್ಯೆಯನ್ನು ಬೀದಿಗೆ ಹಾಕುವುದು ಇವಕ್ಕೆ ಮೆಟ್ಟಿಲಿಲ್ಲ, ನೇರ ಹೊರಗೆ.

ಟೆಲಿಗ್ರಾಂನಲ್ಲಿ ಒಬ್ಬರನ್ನೇ ಇಂತಿಷ್ಟು ದಿನ ಬರೆಯದಂತೆ ತಡೆಯಬಹುದು. ಚರ್ಚೆ ಕಾವೇರಿದಾಗ ನಿಧಾನಗತಿಯ ಸೆಟ್ಟಿಂಗ್ ಹಾಕಿದರೆ ಒಬ್ಬ ಸದಸ್ಯರ ಎರಡು ಸಂದೇಶಗಳ ನಡುವೆ ಕೆಲವು ಸೆಕೆಂಡಿನಿಂದ ಒಂದು ಗಂಟೆಯವರೆಗೆ ಅಂತರ ಬರುತ್ತದೆ. ಹದಿನೈದು ನಿಮಿಷದ ಅಂತರ ಎಷ್ಟೋ ಜಗಳಗಳನ್ನು ತಾನಾಗಿ ತಣ್ಣಗಾಗಿಸಿದ್ದನ್ನು ಕಂಡಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪನ್ನೇ ಮುಚ್ಚುವ ಸೆಟ್ಟಿಂಗ್ ಇದೆ. ಅದನ್ನು ಬಳಸುವಾಗ ಎಷ್ಟು ಹೊತ್ತು ಎಂದು ಮೊದಲೇ ಹೇಳಿ, ಮತ್ತು ಮುಚ್ಚಿದ ಹೊತ್ತಿನಲ್ಲಿ ಅಡ್ಮಿನ್‌ಗಳೂ ಆ ವಿಷಯದ ಬಗ್ಗೆ ಒಂದಕ್ಷರ ಬರೆಯಬಾರದು. ಎದುರಿನವರ ಬಾಯಿ ಕಟ್ಟಿ ತಾವು ವಾದ ಮುಂದುವರಿಸುವ ಅಡ್ಮಿನ್‌ನನ್ನು ಯಾರೂ ಮತ್ತೆ ನಂಬುವುದಿಲ್ಲ.

ಕ್ರಮ ಕೈಗೊಂಡಾಗ ಹಾಕುವ ಪ್ರಕಟಣೆ ಮೂರು ಸಾಲಿನದಿರಲಿ. ಉದಾಹರಣೆಗೆ: "ಇಂದು ಸಂಜೆ 6ಕ್ಕೆ ಹಾಕಿದ್ದ ಒಂದು ಪೋಸ್ಟನ್ನು 2ನೇ ನಿಯಮದ ಪ್ರಕಾರ ತೆಗೆದಿದ್ದೇವೆ, ಮೂಲ ತಿಳಿಸಿರಲಿಲ್ಲ. ತೆಗೆದವರು ಇಂಥವರು. ಒಪ್ಪಿಗೆಯಿಲ್ಲದಿದ್ದರೆ ಏಳು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು." ಬುದ್ಧಿವಾದ ಬೇಡ, ಚುಚ್ಚುಮಾತು ಬೇಡ, ಆ ಸದಸ್ಯರ ಹಳೆಯ ಇತಿಹಾಸವೂ ಬೇಡ.

ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ (ಮಕ್ಕಳ ಅಶ್ಲೀಲ ಚಿತ್ರದ್ದನ್ನು ಮಾತ್ರ ತೆಗೆಯಬೇಡಿ, ಕಾರಣ ಏಳನೆಯ ಭಾಗದಲ್ಲಿದೆ). ಟೆಲಿಗ್ರಾಂ ಅಡ್ಮಿನ್‌ಗಳ ಇತ್ತೀಚಿನ ಕೆಲಸಗಳ ಪಟ್ಟಿಯನ್ನು ತೋರಿಸುತ್ತದೆ, ಆದರೆ 48 ಗಂಟೆಗಳದ್ದು ಮಾತ್ರ. ತಕರಾರು ಬರುವುದು ಮೂರನೆಯ ದಿನ. ಆದ್ದರಿಂದ ನಿಮ್ಮದೇ ಒಂದು ಪಟ್ಟಿ ಇರಲಿ: ದಿನ, ಏನು ನಡೆಯಿತು, ಯಾವ ನಿಯಮ, ಯಾರು ಕ್ರಮ ಕೈಗೊಂಡರು, ಇನ್ನೊಬ್ಬ ಅಡ್ಮಿನ್ ಒಪ್ಪಿದರೇ. ಆರು ತಿಂಗಳಿಗೊಮ್ಮೆ ಇದನ್ನು ಓದಿದರೆ ನಿಮ್ಮ ಪಕ್ಷಪಾತ ನಿಮಗೇ ಕಾಣುತ್ತದೆ. ನಮ್ಮ ಪಟ್ಟಿಯಲ್ಲಿ ಹೊಸ ಸದಸ್ಯರ ಪೋಸ್ಟುಗಳೇ ಹೆಚ್ಚು ಅಳಿದಿದ್ದವು. ಹಳಬರು ಅದೇ ತಪ್ಪು ಮಾಡಿದಾಗ ನಾವು ಕಣ್ಣು ಮುಚ್ಚಿದ್ದೆವು.

5. ದೂರು ಮತ್ತು ಮೇಲ್ಮನವಿ

2019ರ ಜೂನ್‌ನಲ್ಲಿ ಇಂಗ್ಲಿಷ್ ವಿಕಿಪೀಡಿಯದ ಹಳೆಯ ನಿರ್ವಾಹಕರೊಬ್ಬರನ್ನು ವಿಕಿಮೀಡಿಯ ಫೌಂಡೇಶನ್ ನೇರವಾಗಿ ಒಂದು ವರ್ಷ ನಿಷೇಧಿಸಿತು. ಸಮುದಾಯದ ಪಂಚಾಯಿತಿ ಸಮಿತಿಯನ್ನು ದಾಟಿ ಬಂದ ಆ ತೀರ್ಮಾನಕ್ಕೆ ಪೂರ್ಣ ಕಾರಣವನ್ನು ಹೇಳಿರಲಿಲ್ಲ, ಮೇಲ್ಮನವಿಗೂ ದಾರಿ ಇರಲಿಲ್ಲ. ಪ್ರತಿಭಟಿಸಿ ಹಲವು ನಿರ್ವಾಹಕರು ಸ್ಥಾನ ಬಿಟ್ಟರು. ಕೊನೆಗೆ ವಿಷಯವನ್ನು ಸಮಿತಿಗೇ ಒಪ್ಪಿಸಲಾಯಿತು. ಸೆಪ್ಟೆಂಬರ್‌ನಲ್ಲಿ ಅದು ನಿಷೇಧವನ್ನು ತೆಗೆಯಿತು, ಆದರೆ ನಿರ್ವಾಹಕ ಹಕ್ಕನ್ನು ಹಿಂದಿರುಗಿಸಲಿಲ್ಲ.

ಅಲ್ಲಿ ಎರಡು ಕಡೆಯ ಮಾತೂ ಸುಳ್ಳಲ್ಲ. ಕಿರುಕುಳಕ್ಕೆ ಒಳಗಾದವರು, ವಿಶೇಷವಾಗಿ ಹೆಂಗಸರು, ತಮ್ಮ ಹೆಸರು ಹೊರಬರುತ್ತದೆ ಎಂದಾದರೆ ದೂರು ಕೊಡುವುದೇ ಇಲ್ಲ. ಆರೋಪ ಏನೆಂದು ತಿಳಿಯದವರು ತಮ್ಮ ಪರ ಏನೂ ಹೇಳಲಾರರು. ನಾನು ಕಂಡುಕೊಂಡ ನಡುದಾರಿ ಹೀಗಿದೆ: ದೂರುಕೊಟ್ಟವರ ಹೆಸರು ಗುಟ್ಟಾಗಿರಲಿ, ದೂರಿನ ವಿಷಯ ಆರೋಪಿತರಿಗೆ ಗೊತ್ತಾಗಲಿ. "ಇಂಥ ದಿನ ಒಬ್ಬ ಸದಸ್ಯರಿಗೆ ಖಾಸಗಿಯಾಗಿ ಪದೇ ಪದೇ ಸಂದೇಶ ಕಳಿಸಿದ್ದೀರಿ ಎಂಬ ದೂರು ಇದೆ" ಎಂದರೆ ಸಾಕು. ವಿಷಯ ಹೇಳಿದರೆ ಹೆಸರು ತಾನಾಗಿ ಗೊತ್ತಾಗುವಂತಿದ್ದರೆ, ಎಷ್ಟು ಹೇಳಬೇಕು ಎಂಬುದನ್ನು ದೂರು ಕೊಟ್ಟವರನ್ನೇ ಕೇಳಿ ನಿರ್ಧರಿಸಿ.

ಮೇಲ್ಮನವಿಯನ್ನು ಕ್ರಮ ಕೈಗೊಂಡ ಅಡ್ಮಿನ್ ಕೇಳುವಂತಿಲ್ಲ. ಹಾಗಾದರೆ ಯಾರು? ಸ್ಲ್ಯಾಷ್‌ಡಾಟ್ ಎಂಬ ತಂತ್ರಜ್ಞಾನದ ಚರ್ಚಾತಾಣದಲ್ಲಿ 1990ರ ದಶಕದ ಕೊನೆಗೆ ಒಂದು ಜಾಣ ಉಪಾಯ ಮಾಡಿದ್ದರು. ಪ್ರತಿಕ್ರಿಯೆಗಳಿಗೆ ಅಂಕ ಕೊಡುವ ಅಧಿಕಾರವನ್ನು ಸಾಮಾನ್ಯ ಓದುಗರಿಗೇ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಕೆಲವು ದಿನಗಳ ಮಟ್ಟಿಗೆ ಹಂಚುತ್ತಿದ್ದರು. ಅವರು ಕೊಟ್ಟ ಅಂಕ ಸರಿಯೋ ತಪ್ಪೋ ಎಂದು ಮತ್ತೆ ಬೇರೆ ಓದುಗರು ತೂಗುತ್ತಿದ್ದರು. ನಾವು ಅದನ್ನು ಚೀಟಿ ಎತ್ತುವುದಕ್ಕೆ ಇಳಿಸಿಕೊಂಡೆವು. ಆರು ತಿಂಗಳಿಗಿಂತ ಹಳೆಯ ಸದಸ್ಯರಲ್ಲಿ ಒಪ್ಪಿದವರ ಹೆಸರನ್ನು ಚೀಟಿಯಲ್ಲಿ ಬರೆದು, ವಿಡಿಯೋ ಕರೆಯಲ್ಲಿ ಎಲ್ಲರೆದುರು ಮೂರು ಚೀಟಿ ಎತ್ತುತ್ತೇವೆ. ಆ ಮೂವರು ಒಂದು ವಾರದಲ್ಲಿ ತೀರ್ಮಾನ ಹೇಳುತ್ತಾರೆ, ಅಡ್ಮಿನ್‌ಗಳು ಅದಕ್ಕೆ ಬದ್ಧರು. ಇದುವರೆಗೆ ನಾಲ್ಕು ಬಾರಿ ಕೂತಿದ್ದಾರೆ. ಎರಡು ಬಾರಿ ಅಡ್ಮಿನ್ ತೀರ್ಮಾನವನ್ನು ತಿರುಗಿಸಿದ್ದಾರೆ. ಒಮ್ಮೆ ತಿರುಗಿಸಿದ್ದು ನನ್ನದೇ ತೀರ್ಮಾನವನ್ನು. ಅವರು ಹೇಳಿದ್ದು ಸರಿಯಿತ್ತು.

6. ಅಡ್ಮಿನ್‌ಗಳೇ ಒಡೆದಾಗ

ಇಷ್ಟೆಲ್ಲ ಇದ್ದರೂ ಒಡಕು ಬರಬಹುದು. ಆಗ ಮೊದಲ ಗಂಟೆಯಲ್ಲಿ ಮಾಡುವುದು ಒಂದೇ: ಯಾರನ್ನೂ ತೆಗೆಯಬೇಡಿ, ಏನನ್ನೂ ಅಳಿಸಬೇಡಿ, ಇಬ್ಬರಲ್ಲಿ ಯಾರೂ ಅಲ್ಲದ ಅಡ್ಮಿನ್ ಗುಂಪನ್ನು ಇಪ್ಪತ್ನಾಲ್ಕು ಗಂಟೆ ಮುಚ್ಚಲಿ. ಅದಕ್ಕಾಗಿಯೇ ಅಡ್ಮಿನ್‌ಗಳ ಸಂಖ್ಯೆ ಮೂರಕ್ಕಿಂತ ಕಡಿಮೆ ಇರಬಾರದು. ಮೂರನೆಯವರು ಅಂದು ನನ್ನಂತೆ ಸುಮ್ಮನೆ ಕೂರಬಾರದು.

ಆಮೇಲೆ ಇಬ್ಬರೂ ತಲಾ ಒಂದು ಪುಟದಷ್ಟು ತಮ್ಮ ಮಾತು ಬರೆದು ಕೊಡಲಿ. ಅವೆರಡನ್ನೂ ಒಟ್ಟಿಗೆ, ಒಂದೇ ಹೊತ್ತಿಗೆ ಗುಂಪಿನಲ್ಲಿ ಹಾಕಿ. ಮೊದಲು ಬಂದ ಕಥೆಯೇ ಜನರ ಮನಸ್ಸಿನಲ್ಲಿ ಗಟ್ಟಿಯಾಗುವುದರಿಂದ ಇದು ಮುಖ್ಯ. ಮತಕ್ಕೆ ಹಾಕುವುದಾದರೆ ಜಗಳ ಶುರುವಾಗುವ ಮುಂಚೆ ಸದಸ್ಯರಾಗಿದ್ದವರಿಗೆ ಮಾತ್ರ ಮತ. ಕ್ರೊಯೇಷಿಯನ್ ವಿಕಿಪೀಡಿಯದಲ್ಲಿ ಒಬ್ಬರೇ ಹಲವು ಖಾತೆಗಳಿಂದ ಮತ ಹಾಕಿದ್ದು ಆ ಹಿಡಿತವನ್ನು ಉಳಿಸಿದ ಕಾರಣಗಳಲ್ಲಿ ಒಂದು.

ಕೆಲವು ಬಾರಿ ಬೇರೆಯಾಗುವುದೇ ಸರಿ. 2002ರ ಫೆಬ್ರುವರಿಯಲ್ಲಿ ಸ್ಪ್ಯಾನಿಷ್ ವಿಕಿಪೀಡಿಯದ ಬಹುಪಾಲು ಬರಹಗಾರರು, ಜಾಹೀರಾತು ಬರಬಹುದು ಎಂಬ ಆತಂಕ ಮತ್ತು ಆಡಳಿತದ ಅಸಮಾಧಾನದಿಂದ ಹೊರನಡೆದರು. ಸೆವಿಲ್ ವಿಶ್ವವಿದ್ಯಾಲಯದ ಸರ್ವರಿನಲ್ಲಿ ಎನ್ಸಿಕ್ಲೊಪೇಡಿಯಾ ಲಿಬ್ರೆ ಎಂಬ ಬೇರೆ ವಿಶ್ವಕೋಶವನ್ನು ಕಟ್ಟಿದರು. ಬರಹ ಮುಕ್ತ ಪರವಾನಗಿಯಲ್ಲಿ ಇದ್ದುದರಿಂದ ಅದುವರೆಗೆ ಬರೆದದ್ದನ್ನು ಜೊತೆಗೆ ಒಯ್ಯಲು ಅವರಿಗೆ ಅಡ್ಡಿಯಾಗಲಿಲ್ಲ. ಅವರು ಹೊರಟ ಮೇಲೆ ವಿಕಿಪೀಡಿಯ ಜಾಹೀರಾತನ್ನು ಹಾಕಲೇ ಇಲ್ಲ. ನಿಮ್ಮ ಗುಂಪಿನಲ್ಲಿಯೂ ಈ ದಾರಿ ತೆರೆದಿರಲಿ: ಹೊರಡುವವರು ಹೊಸ ಗುಂಪಿನ ಕೊಂಡಿಯನ್ನು ಒಮ್ಮೆ ಹಾಕಿ ಹೋಗಬಹುದು, ಅದನ್ನು ಅಳಿಸುವುದಿಲ್ಲ ಎಂದು ಮೊದಲೇ ಬರೆದಿಡಿ. ಸದಸ್ಯರ ಫೋನ್ ಸಂಖ್ಯೆಗಳನ್ನು ಮಾತ್ರ ಕೇಳದೆ ಒಯ್ಯುವಂತಿಲ್ಲ.

7. ನಿಮ್ಮ ಮೇಲಿರುವ ಕಂಪನಿ, ಅದರ ಮೇಲಿರುವ ಕಾನೂನು

ನೀವು ಎಷ್ಟೇ ಚೆನ್ನಾಗಿ ನಡೆಸಿದರೂ ನೆಲ ಇನ್ನೊಬ್ಬರದು. 2023ರ ಜೂನ್‌ನಲ್ಲಿ ರೆಡಿಟ್ ಎಂಬ ಚರ್ಚಾತಾಣವು ತನ್ನ ದತ್ತಾಂಶ ಬಳಸುವ ಹೊರಗಿನ ಆ್ಯಪ್‌ಗಳಿಗೆ ದುಬಾರಿ ಶುಲ್ಕ ವಿಧಿಸಲು ಹೊರಟಾಗ ಸಾವಿರಾರು ಗುಂಪುಗಳ ಮಾಡರೇಟರ್‌ಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದರು. ತೆರೆಯದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ತರುತ್ತೇವೆ ಎಂದು ಕಂಪನಿ ಹೇಳಿತು. ಅದೇ ತಿಂಗಳ 5ರಂದು ಸ್ಟ್ಯಾಕ್ ಓವರ್‌ಫ್ಲೋ ಎಂಬ, ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ತಾಣದ ಸ್ವಯಂಸೇವಕ ಮಾಡರೇಟರ್‌ಗಳು ಮುಷ್ಕರ ಹೂಡಿದರು. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಉತ್ತರಗಳನ್ನು ತೆಗೆಯುವ ತಮ್ಮ ಅಧಿಕಾರವನ್ನು ಕಂಪನಿ ಬಹುಮಟ್ಟಿಗೆ ಕಿತ್ತುಕೊಂಡಿತ್ತು ಎಂಬುದು ಅವರ ದೂರು. ಆಗಸ್ಟ್‌ನಲ್ಲಿ ಮಾತುಕತೆಯಿಂದ ಅದು ಬಗೆಹರಿಯಿತು. ಎರಡನೆಯವರು ಒಂದಿಷ್ಟನ್ನಾದರೂ ಗೆದ್ದದ್ದು ಬೇಡಿಕೆಗಳನ್ನು ಬರೆದು, ಮಾತಾಡಲು ಪ್ರತಿನಿಧಿಗಳನ್ನು ಆರಿಸಿಕೊಂಡಿದ್ದರಿಂದ ಎಂಬುದು ನನ್ನ ಅನಿಸಿಕೆ.

ಭಾರತದಲ್ಲಿ ವಾಟ್ಸ್‌ಆ್ಯಪ್ ಅಡ್ಮಿನ್‌ಗಳಿಗೆ ಇರುವ ದೊಡ್ಡ ಭಯ, ಸದಸ್ಯರು ಹಾಕಿದ್ದಕ್ಕೆ ತಾವು ಜೈಲಿಗೆ ಹೋಗಬೇಕೇ ಎಂಬುದು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟಿವೆ: ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಸದಸ್ಯನ ಅಪರಾಧದ ಹೊಣೆ ಅವರ ಮೇಲೆ ಬರುವುದಿಲ್ಲ. ಅಡ್ಮಿನ್ ತಾನೇ ಅದರಲ್ಲಿ ಭಾಗಿಯಾಗಿದ್ದರೆ ಮಾತು ಬೇರೆ. ಕೇರಳದ ಪ್ರಕರಣ ಮಕ್ಕಳ ಅಶ್ಲೀಲ ವಿಡಿಯೋಗೆ ಸಂಬಂಧಿಸಿದ್ದು. ಅಂಥದ್ದು ನಿಮ್ಮ ಗುಂಪಿಗೆ ಬಂದರೆ ಯಾರಿಗೂ ಫಾರ್ವರ್ಡ್ ಮಾಡದೆ, ಹಾಕಿದವರ ಸಂಖ್ಯೆ ಮತ್ತು ಸಮಯವನ್ನು ಮಾತ್ರ ಬರೆದಿಟ್ಟುಕೊಂಡು, ತಕ್ಷಣ ತೆಗೆದು, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಇದರ ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಳ್ಳಬಾರದು, ಏಕೆಂದರೆ ಅಂಥ ಚಿತ್ರವನ್ನು ಇಟ್ಟುಕೊಳ್ಳುವುದೇ ಅಪರಾಧ.

ಇವತ್ತೇ ಶುರುಮಾಡುವುದಾದರೆ

ಏಳೂ ಕೆಲಸಗಳನ್ನು ಒಂದೇ ವಾರದಲ್ಲಿ ಮಾಡಲು ಹೊರಟರೆ ಗುಂಪಿಗೆ ಉಸಿರು ಕಟ್ಟುತ್ತದೆ. ಇವತ್ತು ಮೂರನೆಯ ಅಡ್ಮಿನ್ ಒಬ್ಬರನ್ನು ಸೇರಿಸಿ, ಚರ್ಚೆಯ ಪ್ರತಿ ತೆಗೆದಿಡಿ. ಈ ತಿಂಗಳೊಳಗೆ ಅಡ್ಮಿನ್‌ಗಳ ನಿಯಮ ಬರೆದು ಸದಸ್ಯರ ಮುಂದಿಡಿ, ಹದಿನೈದು ದಿನ ಚರ್ಚೆಗೆ ಬಿಡಿ. ಸದಸ್ಯರ ನಿಯಮ ಆಮೇಲೆ ಬರಲಿ.

ನಮ್ಮ ಹೊಸ ಗುಂಪಿನಲ್ಲಿ ಈಗ ನೂರಾ ಎಂಬತ್ತು ಜನರಿದ್ದಾರೆ. ಹಳೆಯ ಗುಂಪಿನಿಂದ ಹೊರಹಾಕಲಾದವರೂ ಅಡ್ಮಿನ್‌ಗಳಲ್ಲಿ ಒಬ್ಬರು. ಹಳೆಯದನ್ನು ಅಳಿಸಿದವರನ್ನು ಕಳೆದ ಮಳೆಗಾಲದಲ್ಲಿ ನಾನೇ ಮನೆಗೆ ಹೋಗಿ ಕರೆದೆ. ಈಗ ಅವರು ಸದಸ್ಯರಾಗಿ ಬಂದಿದ್ದಾರೆ, ಮೊನ್ನೆ ತೊಂಡೆಬಳ್ಳಿಯ ಕಡ್ಡಿ ಬೇಕೆಂದವರಿಗೆ ಅಂಚೆಯಲ್ಲಿ ಕಳಿಸಿಕೊಟ್ಟರು. ಬೀಜದ ಪಟ್ಟಿಯನ್ನು ಎಲ್ಲರ ನೆನಪಿನಿಂದ ಮತ್ತೆ ಬರೆಯುತ್ತಿದ್ದೇವೆ, ಅರ್ಧದಷ್ಟು ಆಗಿದೆ. ಜೂನ್‌ನಲ್ಲಿ ನನ್ನ ಎರಡನೆಯ ಅವಧಿ ಮುಗಿಯುತ್ತದೆ. ಕೀಲಿಕೈಗಳ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಅಡಿಗೆರೆ ಎಳೆದು, ಮುಂದಿನವರ ಹೆಸರಿಗೆ ಜಾಗ ಬಿಟ್ಟಿದ್ದೇನೆ.